ಮೂಕಿ ವೆಸ್ಟರ್ನ್‌ಗಳ ಬಗ್ಗೆ ಬರೆಯುವವಳಿಗೆ

ಚಿ. ಅನುಷಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪ್ರಬಂಧದ ಕರಡು ಓದಿದೆ. ಮೂಕಿ ಕಾಲದ ವೆಸ್ಟರ್ನ್‌ಗಳಲ್ಲಿ, ಅಂದರೆ ಅಮೆರಿಕದ ಕೌಬಾಯ್ ಸಿನಿಮಾಗಳಲ್ಲಿ, ಬಿಳಿಯರೇ ಬಣ್ಣ ಬಳಿದುಕೊಂಡು ಎಲ್ಲ ಪಾತ್ರ ಮಾಡಿದರು ಎಂಬ ಮೊದಲ ಸಾಲನ್ನು ತೆಗೆದುಬಿಡಮ್ಮ. 1925ರ ‘ದಿ ವ್ಯಾನಿಷಿಂಗ್ ಅಮೆರಿಕನ್’ನಲ್ಲಿ ನವಾಹೊ ಬುಡಕಟ್ಟಿನ ನಾಯಕನಾದದ್ದು ಬಿಳಿಯ ನಟ ರಿಚರ್ಡ್ ಡಿಕ್ಸ್, ಅದು ನಿಜ. ಆದರೆ 1910ರಲ್ಲೇ ಮೂಲನಿವಾಸಿ ಮೂಲದ ಜೇಮ್ಸ್ ಯಂಗ್ ಡೀರ್ ಪಾಥೆ ಎಂಬ ಚಿತ್ರ ಕಂಪನಿಗೆ ‘ವೈಟ್ ಫಾನ್ಸ್ ಡಿವೋಷನ್’ ನಿರ್ದೇಶಿಸಿದ್ದರು. ಅವರ ಹೆಂಡತಿ ಲಿಲಿಯನ್ ಸೇಂಟ್ ಸಿರ್, ತೆರೆಯ ಮೇಲೆ ರೆಡ್ ವಿಂಗ್, ನೆಬ್ರಾಸ್ಕಾದ ಹೋ-ಚಂಕ್ ಬುಡಕಟ್ಟಿನ ಹೆಣ್ಣುಮಗಳು. 1914ರ ‘ದಿ ಸ್ಕ್ವಾ ಮ್ಯಾನ್’ನ ಮುಖ್ಯ ಪಾತ್ರಗಳಲ್ಲೊಂದು ಅವರದು. 1920ರ ‘ದಿ ಡಾಟರ್ ಆಫ್ ಡಾನ್’ ಅನ್ನು ಓಕ್ಲಹೋಮಾದಲ್ಲಿ ಸುಮಾರು 300 ಕೋಮಾಂಚಿ, ಕಯೊವಾ ಬುಡಕಟ್ಟಿನ ಜನರೇ ಅಭಿನಯಿಸಿ ತುಂಬಿಸಿದರು. ನಿನ್ನ ಸಾಲು ಇವರೆಲ್ಲರನ್ನೂ ಇನ್ನೊಮ್ಮೆ ಅಳಿಸುತ್ತದೆ.

ಯಾರ ಮೂಲ ಯಾವುದೆಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಡ. ಆಗಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ಕೆಂಪು ಬೆಳಕನ್ನು ಹಿಡಿಯುತ್ತಿರಲಿಲ್ಲ. ಕೆಂಪು ಬಣ್ಣ ಕಪ್ಪಾಗಿ ಬೀಳುತ್ತಿತ್ತು, ಕಂದು ಮೈ ಇದ್ದುದಕ್ಕಿಂತ ಗಾಢವಾಗಿ, ನೀಲಿ ಕಣ್ಣು ಬಿಳಿಚಿಕೊಂಡು ಕಾಣುತ್ತಿತ್ತು. ಕಂಪನಿಯ ಪ್ರಚಾರವನ್ನೂ ನಂಬಬೇಡ: ಯಂಗ್ ಡೀರ್ ತಮ್ಮನ್ನು ಹೋ-ಚಂಕ್ ಎಂದು ಹೇಳಿಕೊಂಡಿದ್ದರು, ನಂತರದ ಸಂಶೋಧನೆ ತೋರಿಸಿದ್ದು ಡೆಲವೇರ್ ಕಡೆಯ ನ್ಯಾಂಟಿಕೋಕ್ ಬುಡಕಟ್ಟಿನ ಮೂಲ. ಜನಗಣತಿಯ ದಾಖಲೆಯನ್ನೂ ಅಂದಿನ ಚಿತ್ರೋದ್ಯಮದ ಪತ್ರಿಕೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡು. ‘ಮೂವಿಂಗ್ ಪಿಕ್ಚರ್ ವರ್ಲ್ಡ್’ನ ಸಂಚಿಕೆಗಳು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತವೆ.

ಚಿತ್ರ ಓಡುವ ವೇಗವನ್ನು ಮರೆಯಬೇಡ. 35 ಎಂಎಂ ಫಿಲ್ಮಿನ ಒಂದು ಅಡಿಗೆ 16 ಫ್ರೇಮ್. 1000 ಅಡಿಯ ರೀಲು ಸೆಕೆಂಡಿಗೆ 16 ಫ್ರೇಮ್‌ನಂತೆ ಓಡಿದರೆ ಹದಿನಾರೂವರೆ ನಿಮಿಷಕ್ಕಿಂತ ತುಸು ಹೆಚ್ಚು, 24ರಂತೆ ಓಡಿದರೆ ಹನ್ನೊಂದೇ ನಿಮಿಷ. ನಿಧಾನವಾಗಿ ತೆಗೆದದ್ದನ್ನು ಆ ವೇಗದಲ್ಲಿ ಓಡಿಸಿದರೆ ಗಂಭೀರ ಕುಣಿತವೂ ಕೋತಿಕುಣಿತವಾಗುತ್ತದೆ. ನೋಡುವವರು ಆ ತಪ್ಪನ್ನು ಪ್ರೊಜೆಕ್ಟರಿನ ಮೇಲೆ ಹೊರಿಸುವುದಿಲ್ಲ, ಕುಣಿದವರ ಮೇಲೇ ಹೊರಿಸುತ್ತಾರೆ.

ಕಪ್ಪು ನಿರ್ದೇಶಕ ಆಸ್ಕರ್ ಮಿಶೋ ಅವರ ‘ದಿ ಸಿಂಬಲ್ ಆಫ್ ದಿ ಅನ್‌ಕಾಂಕರ್ಡ್’ (1920) ಬಗ್ಗೆ ಬರೆದ ಪುಟವನ್ನು ಪೂರ್ತಿ ತಿದ್ದಬೇಕು. ಉಳಿದಿರುವ ಪ್ರತಿ ಸಿಕ್ಕಿದ್ದು ಬೆಲ್ಜಿಯಂನಲ್ಲಿ, ದೃಶ್ಯಗಳ ನಡುವೆ ಮಾತು ತೋರಿಸುವ ಟೈಟಲ್ ಕಾರ್ಡ್‌ಗಳು ಅಲ್ಲಿಯ ಭಾಷೆಗಳಲ್ಲಿ. ಈಗ ನಾವು ಓದುವ ಇಂಗ್ಲಿಷ್ ಮರಳಿ ಅನುವಾದಿಸಿದ್ದು. ಅದನ್ನು ಮಿಶೋ ಅವರ ಮಾತೆಂದು ಉದ್ಧರಿಸಬೇಡ. ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪಿನ ದಾಳಿಯ ದೃಶ್ಯ ಹೆಚ್ಚುಪಾಲು ನಷ್ಟವಾಗಿದೆ. ಅವರು ಅದನ್ನು ತೋರಿಸಲು ಹಿಂಜರಿದರು ಎನ್ನುವುದು ಅನ್ಯಾಯ. ನಿಜ ಜೀವನದಲ್ಲೂ ಕೌಬಾಯ್ ಆಗಿದ್ದ ಕಪ್ಪು ಜನಾಂಗದ ಬಿಲ್ ಪಿಕೆಟ್ ನಟಿಸಿದ ‘ದಿ ಬುಲ್-ಡಾಗರ್’ (1922) ಕೂಡ ಇಡಿಯಾಗಿ ಉಳಿದಿಲ್ಲ. ಪೋಸ್ಟರ್ ನೋಡಿ ಬರೆದದ್ದಾದರೆ ಪೋಸ್ಟರ್ ಎಂದೇ ಹೇಳು. ಲೈಬ್ರರಿ ಆಫ್ ಕಾಂಗ್ರೆಸ್‌ನ 2013ರ ವರದಿಯಂತೆ ಅಮೆರಿಕದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರ. ಹೀಗಿರುವಾಗ ‘ಇರಲಿಲ್ಲ’ ಎಂದು ಬರೆದ ಕಡೆಯೆಲ್ಲ ‘ಉಳಿದಿಲ್ಲ’ ಎನ್ನಬೇಕೇ ಎಂದು ಪರೀಕ್ಷಿಸು.

ಇನ್ನು ಕೊನೆಯ ಪುಟ. ‘ಆ ಕಾಲವೇ ಹಾಗಿತ್ತು, ಯಾರಿಗೂ ಅದು ತಪ್ಪೆನಿಸಲಿಲ್ಲ’ ಎಂದಿದ್ದೀಯ. 1911ರಲ್ಲೇ ಮೂಲನಿವಾಸಿಗಳ ನಿಯೋಗ ವಾಷಿಂಗ್ಟನ್ನಿಗೆ ಹೋಗಿ ಈ ಚಿತ್ರಗಳ ಮೇಲೆ ದೂರು ಕೊಟ್ಟಿತ್ತು. 1922ರಲ್ಲಿ ಮೆಕ್ಸಿಕೋ ಸರ್ಕಾರ ತನ್ನ ಜನರನ್ನು ಕೀಳಾಗಿ ತೋರಿಸುವ ಕಂಪನಿಗಳ ಚಿತ್ರಗಳನ್ನೇ ನಿಷೇಧಿಸಿತು. ಇವೆರಡನ್ನೂ ಅಡಿಟಿಪ್ಪಣಿಗೆ ತಳ್ಳದೆ ಪ್ರಬಂಧದ ಒಡಲಿಗೇ ತಂದು, ಆ ಪುಟವನ್ನು ಹೊಸದಾಗಿ ಬರೆದು ಕಳಿಸು.

ಇಂತು,
ನಿನ್ನ ದೊಡ್ಡಪ್ಪ