ಸೀಸದ ಮಣ್ಣು ತೆಗೆಯುವ ಕೆಲಸದಿಂದ ನಮ್ಮ ಗಲ್ಲಿಗೆ ಧೂಳು ಹರಡುತ್ತಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಮಣ್ಣು ಶುದ್ಧೀಕರಣ ವಿಭಾಗ

ವಿಷಯ: ಪೀಣ್ಯದ ಹಳೇ ಬ್ಯಾಟರಿ ಶೆಡ್ ಜಾಗದ ಕೆಲಸ ನಿಲ್ಲಿಸಿ, ಸರಿಯಾದ ಕ್ರಮದಲ್ಲಿ ಮತ್ತೆ ಶುರು ಮಾಡುವ ಬಗ್ಗೆ.

ಮಾನ್ಯರೇ,

ನಿಮ್ಮ ಕಂಪನಿ ಶುಚಿ ಮಾಡುತ್ತಿರುವ ಜಾಗದ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆಗಳಿವೆ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಜಾಗ ಅದು. ಶೆಡ್ ಮುಚ್ಚಿ ವರ್ಷಗಳೇ ಆದರೂ ಮಣ್ಣಿನಲ್ಲಿ ಸೇರಿದ ಸೀಸ ತಾನಾಗಿ ಹೋಗುವುದಿಲ್ಲ. ಹಾಗಾಗಿ ಆ ಮಣ್ಣು ತೆಗೆಯುತ್ತಾರೆ ಅಂದಾಗ ಗಲ್ಲಿಯವರೆಲ್ಲ ಸಂತೋಷಪಟ್ಟೆವು. ಆದರೆ ನೀವು ತೆಗೆಯುತ್ತಿರುವ ರೀತಿ ನೋಡಿದರೆ, ಇಷ್ಟು ದಿನ ಕಾಂಪೌಂಡ್ ಒಳಗಿದ್ದ ವಿಷ ಈಗ ನಮ್ಮ ಅಡುಗೆಮನೆಗೆ ಬರುತ್ತಿದೆ.

ಜೆಸಿಬಿ ಒಣ ಮಣ್ಣನ್ನು ಹಾಗೇ ಕೆರೆದು ಟಿಪ್ಪರ್‌ಗೆ ಮೇಲಿಂದ ಸುರಿಯುತ್ತದೆ. ನೀರಿನ ಟ್ಯಾಂಕರ್ ಗೇಟಿನ ಪಕ್ಕ ನಿಂತೇ ಇರುತ್ತದೆ, ಪೈಪ್ ಬಿಚ್ಚಿದ್ದನ್ನು ಯಾರೂ ನೋಡಿಲ್ಲ. ಮಹಡಿ ಮೇಲೆ ಒಣಗಲು ಹರಡಿದ್ದ ರಾಗಿ ಮೇಲೆ ಬೂದು ಧೂಳು ಕೂತಿತ್ತು, ಅಷ್ಟನ್ನೂ ಎಸೆಯಬೇಕಾಯಿತು. ಟಿಪ್ಪರ್‌ಗಳಿಗೆ ಟಾರ್ಪಾಲ್ ಇಲ್ಲ. ತಿರುವಿನಲ್ಲಿ ಉದುರಿದ ಮಣ್ಣಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕಿತು. ಬ್ಯಾಟರಿ ಡಬ್ಬಿಯ ಚೂರು, ಅದರ ಸಂದಿಯಲ್ಲಿ ಬೂದು ಬಣ್ಣದ ಹಿಟ್ಟು ಮೆತ್ತಿಕೊಂಡಿತ್ತು. ಅಂಗನವಾಡಿ ಮಕ್ಕಳು ನಡೆದು ಹೋಗುವ ದಾರಿ ಅದು. ಹೇಳಿದ್ದಕ್ಕೆ ನಿಮ್ಮವರು ಕಡ್ಡಿ ಪೊರಕೆಯಿಂದ ಗುಡಿಸಿದರು, ಇದ್ದ ಧೂಳೆಲ್ಲ ಮತ್ತೆ ಮೇಲೆದ್ದಿತು!

ಸೀಸಕ್ಕೆ ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಿತಿಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಪ್ರಮಾಣ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ 4-5 ಪಟ್ಟು ಜಾಸ್ತಿ ಸೀಸ ಹೀರಿಕೊಳ್ಳಬಹುದು. ಪೆಟ್ಟು ಬೀಳುವುದು ಬೆಳೆಯುವ ಮೆದುಳಿಗೆ, ಅದು ಸರಿಹೋಗುವುದಿಲ್ಲ. ಪೆಟ್ರೋಲಿನಿಂದ ಸೀಸ ತೆಗೆಸಿ 2000ಕ್ಕೇ ದೇಶ ಗೆದ್ದ ವಿಷಯ ಇದು. ಆ ಕಾಲದಲ್ಲಿ ಮಕ್ಕಳ ರಕ್ತದ ಸೀಸದ ಬಗ್ಗೆ ಎಚ್ಚರಿಸಿದ ಡಾ. ತುಪ್ಪಿಲ್ ವೆಂಕಟೇಶ್ ಅವರು ಕೆಲಸ ಮಾಡಿದ್ದು ಇದೇ ಬೆಂಗಳೂರಿನಲ್ಲಿ. ನಿಮ್ಮ ಕೂಲಿಯವರ ಬಗ್ಗೆಯೂ ನಮಗೆ ಸಂಕಟವಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಕೆಲಸ ಮಾಡಿ, ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ಅವರಿಗೆ ಸರಿಯಾದ ಮಾಸ್ಕ್, ಬಟ್ಟೆ ಬದಲಿಸಲು ಜಾಗ, ಸ್ನಾನಕ್ಕೆ ನೀರು ಕೊಡುವುದು ಅಷ್ಟು ಕಷ್ಟವೇ?

ಇನ್ನು ನಿಮ್ಮ ಪರೀಕ್ಷಾ ವರದಿ. ಹಲವು ಕಡೆಯ ಮಣ್ಣನ್ನು ಬೆರೆಸಿ ಒಂದೇ ಸ್ಯಾಂಪಲ್ ಮಾಡಿ, ಜಾಗ ಶುದ್ಧವಾಗಿದೆ ಎಂದು ಬರೆದಿದ್ದೀರಿ. ಒಂದು ಕಡೆ ಕಿಲೋ ಮಣ್ಣಿಗೆ 2000 ಮಿಲಿಗ್ರಾಂ ಸೀಸ, ಉಳಿದ ಒಂಬತ್ತು ಕಡೆ ತಲಾ 50 ಇದ್ದರೆ, ಬೆರೆಸಿದಾಗ ಬರುವುದು 245. ಆ 2000 ಇರುವ ಮೂಲೆ ಕಾಗದದಲ್ಲಿ ಕಾಣುವುದೇ ಇಲ್ಲ. ವಾಸದ ಜಾಗದ ಮಣ್ಣಿಗೆ ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ ಎಚ್ಚರಿಕೆಯ ಮಟ್ಟವನ್ನು 400ರಿಂದ 200ಕ್ಕೆ ಇಳಿಸಿತು ಎನ್ನುವುದು ನಿಮಗೂ ಗೊತ್ತಿರಬೇಕು. "ಒಂದಡಿ ತೆಗೆದಿದ್ದೀವಿ ಸಾರ್, ಸಾಕು" ಎಂದರು ನಿಮ್ಮ ಸೈಟ್ ಇಂಜಿನಿಯರ್. ಸೀಸ ಸಾಮಾನ್ಯವಾಗಿ ಮೇಲ್ಮಣ್ಣಿನಲ್ಲೇ ಅಂಟಿಕೊಂಡಿರುತ್ತದೆ, ನಿಜ. ಆದರೆ ಬ್ಯಾಟರಿ ಆಸಿಡ್ ಚೆಲ್ಲಿದ ಕಡೆ ಅದು ಕರಗಿ ಇನ್ನೂ ಆಳಕ್ಕೆ ಇಳಿಯಬಹುದು. ಕೆಳಗೆ ಪರೀಕ್ಷೆ ಮಾಡದೆ ಸಾಕು ಅನ್ನುವುದು ಹೇಗೆ?

ತೆಗೆದ ಮಣ್ಣು ಎಲ್ಲಿಗೆ ಹೋಗುತ್ತಿದೆ ಎಂಬುದೂ ನಮಗೆ ತಿಳಿದಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ, ಸೋರಿಕೆ ಪರೀಕ್ಷೆಯಲ್ಲಿ (ಮಣ್ಣಿನಿಂದ ದ್ರವಕ್ಕೆ ಎಷ್ಟು ಸೀಸ ಬಿಡುತ್ತದೆ ಎಂದು ನೋಡುವ ಪರೀಕ್ಷೆ) ಸೀಸದ ಪ್ರಮಾಣ ಲೀಟರಿಗೆ 5 ಮಿಲಿಗ್ರಾಂ ಮುಟ್ಟಿದರೆ ಅದು ಅಪಾಯಕಾರಿ ತ್ಯಾಜ್ಯ. ದಾಬಸ್‌ಪೇಟೆಯಲ್ಲಿರುವಂಥ ಭದ್ರ ವಿಲೇವಾರಿ ಜಾಗಕ್ಕೇ ಅದನ್ನು ಕಳಿಸಬೇಕು, ಪ್ರತಿ ಲೋಡಿಗೂ ಮ್ಯಾನಿಫೆಸ್ಟ್, ಅಂದರೆ ಅದು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ದಾಖಲೆ ಪತ್ರ, ಇರಬೇಕು. ಬೆಂಗಳೂರಿನಲ್ಲಿ ಸೈಟ್ ತುಂಬಿಸಲು ಮಣ್ಣು ಬೇಕೆನ್ನುವವರು ಬೀದಿಗೊಬ್ಬರು. ಈ ಮಣ್ಣು ಯಾರದೋ ಮನೆಯ ಅಡಿಪಾಯ ಸೇರಬಾರದು ಎನ್ನುವುದೇ ನಮ್ಮ ದೊಡ್ಡ ಭಯ. ಮ್ಯಾನಿಫೆಸ್ಟ್ ಕೇಳಿದರೆ "ಎಲ್ಲಾ ಸರಿಯಾಗಿ ಹೋಗುತ್ತೆ" ಅನ್ನುತ್ತಾರೆ, ತೋರಿಸುವುದಿಲ್ಲ. ಕಾಂಪೌಂಡ್ ಪಕ್ಕ ರಾಶಿ ಹಾಕಿದ ಮಣ್ಣು ಮಳೆ ಬಂದರೆ ಚರಂಡಿ ಸೇರಿ ರಾಜಕಾಲುವೆಗೆ ಹೋಗುತ್ತದೆ. ಅದನ್ನು ಇವತ್ತೇ ಮುಚ್ಚಿಸಿ.

ಮಣ್ಣನ್ನು ನೆನೆಸಿಯೇ ಅಗೆಯಬೇಕು, ಟಿಪ್ಪರ್ ಮುಚ್ಚಿ, ಚಕ್ರ ತೊಳೆದೇ ಹೊರಗೆ ಬಿಡಬೇಕು. ಈವರೆಗಿನ ಎಲ್ಲ ಲೋಡುಗಳ ಮ್ಯಾನಿಫೆಸ್ಟ್ ಪ್ರತಿ ನಮಗೆ ಕೊಡಬೇಕು. ಒಂದೊಂದು ಜಾಗದ, ಒಂದೊಂದು ಆಳದ ಸ್ಯಾಂಪಲ್ಲನ್ನು ಬೇರೆ ಬೇರೆಯಾಗಿ, ನಮ್ಮ ಎದುರಿಗೇ ತೆಗೆಯಬೇಕು. ನಿಮ್ಮವರ ಹತ್ತಿರ ಮಣ್ಣಿನಲ್ಲಿ ಎಷ್ಟು ಸೀಸವಿದೆ ಎಂದು ಅಲ್ಲೇ ತೋರಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರವಿದೆ. ಅದನ್ನು ನಮ್ಮ ಗಲ್ಲಿಯ ಮಣ್ಣಿಗೂ ಅಂಗನವಾಡಿ ಅಂಗಳಕ್ಕೂ ಹಿಡಿದು ಫಲಿತಾಂಶ ತೋರಿಸಿ. ಬಿದ್ದ ಧೂಳನ್ನು ಒದ್ದೆ ಬಟ್ಟೆ ಮತ್ತು ತೀರಾ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್‌ನಿಂದ ತೆಗೆಸಿ. ಗಲ್ಲಿಯ ಚಿಕ್ಕ ಮಕ್ಕಳ ರಕ್ತ ಪರೀಕ್ಷೆಯ ಖರ್ಚೂ ನಿಮ್ಮದೇ.

ಇಷ್ಟಕ್ಕೆ ವ್ಯವಸ್ಥೆ ಆಗುವವರೆಗೆ ಜೆಸಿಬಿ ನಿಲ್ಲಿಸಿ. ಒಂದು ವಾರದೊಳಗೆ ಬರಹದಲ್ಲಿ ಉತ್ತರ ಕೊಡಿ. ಫೋಟೊಗಳನ್ನು ಲಗತ್ತಿಸಿದ್ದೇವೆ.

ಇಂತಿ,
ಹಿಂದಿನ ಗಲ್ಲಿಯ ನಿವಾಸಿಗಳ ಪರವಾಗಿ

ಪ್ರತಿ: ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಬೆಂಗಳೂರು