ಡನ್ವೇಗನ್ ಕೋಟೆಯ ಟಿಕೆಟ್ ಹಣ

ಮಾನ್ಯ ಸಂಪಾದಕರೇ,

ಸ್ಕಾಟ್ಲೆಂಡ್ ಪ್ರವಾಸಕ್ಕೆ ಹೋಗುವ ನಮ್ಮವರು ಎಡಿನ್‌ಬರೋ ಕೋಟೆಯನ್ನು ತಪ್ಪದೆ ನೋಡುತ್ತಾರೆ. ಸ್ಕೈ ದ್ವೀಪದ ಡನ್ವೇಗನ್ ಕೋಟೆಯ ಮಾತು ಬಂದಾಗ ಮಾತ್ರ ಹಿಂದೇಟು ಹಾಕುತ್ತಾರೆ. ‘ಯಾರದೋ ಮನೆ ನೋಡಲು ನಾವೇಕೆ ದುಡ್ಡು ಕೊಡಬೇಕು’ ಎಂಬ ಗೊಣಗಾಟವನ್ನು ಅಲ್ಲಿನ ಟಿಕೆಟ್ ಕೌಂಟರಿನ ಮುಂದೆ ಅಚ್ಚ ಕನ್ನಡದಲ್ಲೇ ಕೇಳಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅದು ಮನೆಯೇ ಹೌದು. ಸುಮಾರು 800 ವರ್ಷಗಳಿಂದ ಮ್ಯಾಕ್‌ಲೌಡ್ ಕುಲದ ಮುಖ್ಯಸ್ಥರ ವಂಶದವರ ಕೈಯಲ್ಲಿಯೇ ಉಳಿದಿರುವ ಈ ಕೋಟೆಗೆ 1748ರವರೆಗೆ ಸಮುದ್ರದ ಕಡೆಯ ಬಾಗಿಲನ್ನು ಬಿಟ್ಟರೆ ಬೇರೆ ಪ್ರವೇಶವಿರಲಿಲ್ಲ. ಆದರೆ ಸ್ವಂತದ ಕೋಟೆ ಎಂದಾಕ್ಷಣ ಸುಖದ ಬದುಕು ಎಂದು ಭಾವಿಸಬೇಕಾಗಿಲ್ಲ. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ದ್ವೀಪದಲ್ಲಿ ಬರ ಬಿದ್ದಾಗ ಒಕ್ಕಲುಗಳಿಗೆ ಅನ್ನವಿಕ್ಕಲು ಹೋಗಿ ದಿವಾಳಿಯಾದ 25ನೇ ಮುಖ್ಯಸ್ಥರು ಊರು ಬಿಟ್ಟು ಲಂಡನ್ನಿನಲ್ಲಿ ಗುಮಾಸ್ತಿಕೆಗೆ ಸೇರಬೇಕಾಯಿತು. ಸಾರ್ವಜನಿಕರಿಗೆ ಕೋಟೆಯ ಬಾಗಿಲು ತೆರೆದದ್ದು 1933ರಲ್ಲಿ. 2000ನೇ ಇಸವಿಯಲ್ಲಿ ಆಗಿನ ಮುಖ್ಯಸ್ಥರು ಸೋರುವ ಮಾಡಿನ ದುರಸ್ತಿಗೆ ಹಣ ಹೊಂದಿಸಲು ಅದೇ ದ್ವೀಪದ ಕೂಲಿನ್ ಪರ್ವತಸಾಲನ್ನೇ 1 ಕೋಟಿ ಪೌಂಡಿಗೆ ಮಾರಾಟಕ್ಕಿಟ್ಟರು. ಬೆಟ್ಟ ಇವರ ಆಸ್ತಿಯೇ ಎಂಬ ಪ್ರಶ್ನೆ ಎದ್ದಿತು, ಜನ ಸಿಟ್ಟಿಗೆದ್ದರು, ಮಾರಾಟ ನಡೆಯಲಿಲ್ಲ. ಮಾಡು ರಿಪೇರಿಗೆ ಬೆಟ್ಟ ಮಾರುವುದು ನನಗೂ ಒಪ್ಪಿಗೆಯಿಲ್ಲದ ಮಾತು. ಅದಕ್ಕೆ ಹೋಲಿಸಿದರೆ ಬಂದವರಿಂದ ಟಿಕೆಟ್ ಹಣ ಪಡೆದು ಮನೆ ಉಳಿಸಿಕೊಳ್ಳುವುದು ಎಷ್ಟೋ ಮರ್ಯಾದೆಯ ದಾರಿ.

ಆ ಹಣಕ್ಕೆ ಸಿಗುವುದೇನು ಎಂದು ಕೇಳುವವರು ದಿವಾನಖಾನೆಯಲ್ಲಿ ತುಸು ಹೊತ್ತು ನಿಲ್ಲಬೇಕು. ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಕಂದು ಬಣ್ಣಕ್ಕೆ ತಿರುಗಿದ, ಅಲ್ಲಲ್ಲಿ ಹರಿದು ತೇಪೆ ಹಾಕಿದ ರೇಷ್ಮೆಯ ತುಂಡೊಂದಿದೆ. ಕುಲವನ್ನು ಯುದ್ಧದಲ್ಲಿ ಕಾಯುವುದಕ್ಕೆ ಯಕ್ಷಿಣಿ ಕೊಟ್ಟ ಬಾವುಟವಿದು ಎಂಬ ನಂಬಿಕೆ ಇಂದಿಗೂ ಇದೆ. ಮೆತ್ತನೆಯ ಆಸನಗಳಿರುವ ಆ ಕೋಣೆಯ ಪಕ್ಕದಲ್ಲೇ ಕೈದಿಗಳನ್ನು ಇಳಿಸುತ್ತಿದ್ದ ಕತ್ತಲ ಗುಂಡಿಯ ಬಾಯಿಯೂ ಇದೆ. ಅತಿಥಿಸತ್ಕಾರ ಮತ್ತು ಸೆರೆಮನೆ ಇಷ್ಟು ಅಕ್ಕಪಕ್ಕದಲ್ಲಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಳೆಯ ಗೋಪುರದ ಸಭಾಂಗಣವನ್ನು 1790ರ ಸುಮಾರಿಗೆ ಈ ದಿವಾನಖಾನೆಯಾಗಿ ಮಾರ್ಪಡಿಸಿದವರು 23ನೇ ಮುಖ್ಯಸ್ಥ ಜನರಲ್ ನಾರ್ಮನ್ ಮ್ಯಾಕ್‌ಲೌಡ್. ಕನ್ನಡಿಗರು, ಅದರಲ್ಲೂ ನಮ್ಮ ಮಂಗಳೂರಿನವರು, ಈ ಹೆಸರನ್ನು ತಿಳಿದಿರಬೇಕು. ಅಜ್ಜ ಬಿಟ್ಟುಹೋದ ಸಾಲದ ಹೊರೆಯಲ್ಲಿ ಹ್ಯಾರಿಸ್ ದ್ವೀಪವನ್ನೇ ಮಾರಿದ್ದ ಈತ, 1782ರ ನವೆಂಬರಿನಲ್ಲಿ ಮಲಬಾರಿನ ಪೊನ್ನಾನಿಯಲ್ಲಿ ಟಿಪ್ಪುವಿನ ದಾಳಿಯನ್ನು ಎದುರಿಸಿ ನಿಂತ ಇಂಗ್ಲಿಷ್ ಪಡೆಯ ನಾಯಕ. ಮರುವರ್ಷ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಹಡಗುಗಳೊಂದಿಗೆ ನಮ್ಮ ಕಡಲಿಗೂ ಬಂದು, ಕದನವಿರಾಮ ಜಾರಿಯಲ್ಲಿದ್ದುದರಿಂದ ಯುದ್ಧ ಮಾಡದೆ ಮರಳಿದ. ಒಳಗಿದ್ದ ಹಸಿದ ಇಂಗ್ಲಿಷ್ ಪಡೆ 1784ರ ಜನವರಿಯಲ್ಲಿ ಕೋಟೆಯನ್ನು ಬಿಟ್ಟುಕೊಟ್ಟಿತು.

ಕೋಟೆ ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್ ಮಧ್ಯದವರೆಗೆ ತೆರೆದಿರುತ್ತದೆ. ನಮ್ಮ ಪ್ರವಾಸಿ ಸಂಸ್ಥೆಗಳು ಹೊರಗಿನಿಂದ ಫೋಟೋ ತೆಗೆಸಿ ಬಸ್ ಹತ್ತಿಸುವ ಬದಲು ಒಳಗೆ ಹೋಗಿ ನೋಡಲು ಅರ್ಧ ದಿನವನ್ನಾದರೂ ಬಿಡಲಿ. ತಮ್ಮ ಪತ್ರಿಕೆಯ ಪ್ರವಾಸ ಪುಟವೂ ಜನರಲ್‌ನ ಮಂಗಳೂರು ನಂಟಿನ ಬಗ್ಗೆ ಇತಿಹಾಸ ಬಲ್ಲವರಿಂದ ಒಂದು ಲೇಖನ ಬರೆಸಲಿ ಎಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಮಂಗಳೂರು