ಸೇರುವ ಮುಂಚಿನ ಪತ್ರಗಳನ್ನೂ ತರಿಸಿ ನೋಡಿ: ಕೋಲಾರ ಜಿಲ್ಲೆಯ ಕಾರ್ಮಿಕ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಸೇರಿದ ಹುಡುಗ ಹುಡುಗಿಯರು ಸಂಬಳದ ತಕರಾರು ಹಿಡಿದು ತಮ್ಮ ಕಚೇರಿಗೆ ಬರುವಷ್ಟರಲ್ಲಿ ಕಾಗದದ ಮೇಲೆ ಸೋತಿರುತ್ತಾರೆ. ಸೇರುವ ಮುಂಚೆ ನಡೆದ ಪತ್ರ ವ್ಯವಹಾರದಲ್ಲೇ ಆ ಸೋಲು ಆಗಿಹೋಗಿರುತ್ತದೆ.

1872ರ ಕರಾರು ಕಾಯ್ದೆಯ 7ನೇ ಕಲಂ ಪ್ರಕಾರ ಒಪ್ಪಿಗೆಗೆ ಷರತ್ತು ಅಂಟಿರಬಾರದು. ಕಂಪನಿ ತಿಂಗಳಿಗೆ 18,500 ರೂಪಾಯಿ ಎಂದು ಆಫರ್ ಲೆಟರ್ ಕಳಿಸಿತು ಎನ್ನಿ. "20,000 ಕೊಟ್ಟರೆ ಬರುತ್ತೇನೆ" ಎಂದು ಉತ್ತರಿಸಿದರೆ ಅದು ಹೊಸ ಪ್ರಸ್ತಾಪ. ಹಳೆಯ 18,500 ಅಲ್ಲಿಗೇ ಬಿದ್ದುಹೋಯಿತು. ಕಂಪನಿ "ಆಗಲಿ, ಸೋಮವಾರ ಬನ್ನಿ" ಎಂದು ಬರೆದರೆ 20,000ಕ್ಕೆ ಕರಾರು ಕುದುರಿತು. ಛಾಪಾ ಕಾಗದ ಬೇಕಿಲ್ಲ, ಇಮೇಲೂ ನಡೆಯುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಇರುವುದೇ ಅದಕ್ಕೆ. "ನೋಡೋಣ, ಮೊದಲು ಸೇರಿಕೊಳ್ಳಿ" ಎಂಬ ಉತ್ತರವನ್ನು ಮಾತ್ರ ನಂಬಬಾರದು. ಅದರ ಮೇಲೆ ಕೆಲಸಕ್ಕೆ ನಿಂತರೆ 18,500ಕ್ಕೇ ಒಪ್ಪಿದ್ದಾರೆ ಎಂದು ಕಂಪನಿ ವಾದಿಸುತ್ತದೆ. "25,000ದವರೆಗೆ", "ಕಂಪನಿ ನಿಯಮದಂತೆ ಇನ್ಸೆಂಟಿವ್" ಎಂಬ ಮಾತುಗಳೂ ಹೀಗೆಯೇ. ಮೊತ್ತ ಗೊತ್ತುಮಾಡಲು ಆಗದ ಕರಾರು ಕರಾರು ಕಾಯ್ದೆಯ 29ನೇ ಕಲಮಿನಡಿ ನಿಲ್ಲುವುದಿಲ್ಲ.

ದೊಡ್ಡ ಪೆಟ್ಟು ಬೀಳುವುದು ಸೇರುವ ದಿನ. ಇಂಗ್ಲಿಷಿನ ಪುಟಗಟ್ಟಲೆ ನೇಮಕಾತಿ ಪತ್ರ, ಹಿಂದೆ ಸಹಿಗೆ ಕಾದವರ ಸಾಲು. ಒಳಗೆಲ್ಲೋ "ಹಿಂದಿನ ಪತ್ರ, ಮಾತುಕತೆಗಳೆಲ್ಲ ರದ್ದು" ಎಂಬ ಸಾಲು. ಸಹಿ ಬಿತ್ತೆಂದರೆ ಅದೇ ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ ಹೊಸ ಕರಾರು ಹಳೆಯದರ ಜಾಗಕ್ಕೆ ಬರುತ್ತದೆ. ಮೊತ್ತ ಬೇರೆಯಿದ್ದರೆ ಸಹಿಗೆ ಮುಂಚೆಯೇ ಇಮೇಲಿನಲ್ಲಿ ಕೇಳಬೇಕು. ಪುರುಸೊತ್ತಿಲ್ಲದಿದ್ದರೆ "ಇಂಥ ತಾರೀಕಿನ ಇಮೇಲಿನ 20,000ಕ್ಕೆ ಒಳಪಟ್ಟು" ಎಂದು ಸಹಿಯ ಪಕ್ಕ ಕೈಯಲ್ಲೇ ಬರೆದು ಫೋಟೊ ತೆಗೆದುಕೊಳ್ಳಬೇಕು.

ಇನ್ನು ಸಿಟಿಸಿ, ಅಂದರೆ ಒಬ್ಬ ನೌಕರರಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಮೂಲ ವೇತನ 12,000 ಇದ್ದು ಸಿಟಿಸಿ 20,000 ಎಂದರೆ ಕಂಪನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ) 1,440, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 3.25 ಶೇಕಡಾ ಅದರೊಳಗೇ ಸೇರಿರುತ್ತವೆ. ನೌಕರರ ಪಾಲಿನ ಪಿಎಫ್, ಇಎಸ್‌ಐ ಕಳೆದ ಮೇಲೆ ಕೈಗೆ 16,500 ಕೂಡ ಬರುವುದಿಲ್ಲ. ಆದ್ದರಿಂದ ಚೌಕಾಸಿ ಮಾಡುವಾಗ ಕೈಗೆ ಬರುವ ಮೊತ್ತವನ್ನೇ ಬರೆಸಿಕೊಳ್ಳಬೇಕು.

ಸಂಬಳದ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2020ರ ಡಿಸೆಂಬರ್‌ನಲ್ಲಿ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ದಾಂಧಲೆ ನಡೆದಾಗ ನರಸಾಪುರ ಕಂಡಿದೆ. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಪತ್ರ ಕೊಟ್ಟಿದ್ದಾರೋ ಇಲ್ಲವೋ ಎಂದಷ್ಟೇ ನೋಡಿದರೆ ಈ ಮೋಸ ತಮ್ಮ ಕಣ್ಣಿಗೆ ಬೀಳದು. ತಪಾಸಣೆಗೆ ಹೋದಾಗ ಆಫರ್ ಲೆಟರನ್ನೂ ತರಿಸಿ, ಎರಡೂ ಮೊತ್ತಗಳನ್ನು ತಾಳೆ ನೋಡಿ. ಮೂಲ ವೇತನ, ಭತ್ಯೆ, ಕಡಿತ, ಕೈಗೆ ಬರುವ ಮೊತ್ತ ಇಷ್ಟನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಬರೆಸಿ, ಸೇರುವ 3 ದಿನ ಮುಂಚೆ ಕೊಡಿಸಿ. ಗುತ್ತಿಗೆದಾರರ ಮೂಲಕ ಬಂದವರಿಗೆ ಸಂಬಳ ಕೊಡುವವರು ಯಾರೆಂಬುದೂ ಆ ಪುಟದಲ್ಲಿರಲಿ.

ಇಂತಿ,
ಕೋಲಾರದ ಕಾರ್ಮಿಕರಿಗೆ ಈ ಪತ್ರಗಳನ್ನು ಓದಿ ವಿವರಿಸುವವರು